ಸ್ಟಾಫ್ ರೂಮಿನಿಂದ ಕಾಣುವ ಶಾಲೆ

ಒಂದು ಅಂಕಿ ಬಹಳ ದಿನದಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಟಾಲಿಸ್ ಅಂದರೆ ಹಲವು ದೇಶಗಳ ಶಿಕ್ಷಕರನ್ನು ಅವರ ಕೆಲಸದ ಬಗ್ಗೆ ಕೇಳುವ ಸಮೀಕ್ಷೆ. 2013ರ ಟಾಲಿಸ್‌ನಲ್ಲಿ ಅವರಿಗೆ ಒಂದು ಪ್ರಶ್ನೆ ಇತ್ತು. ‘ನಾನು ಚೆನ್ನಾಗಿ ಓದಬಲ್ಲೆ’ ಅನ್ನೋ ನಂಬಿಕೆಯನ್ನು ನಿಮ್ಮ ಮಕ್ಕಳಲ್ಲಿ ಎಷ್ಟರ ಮಟ್ಟಿಗೆ ಮೂಡಿಸಬಲ್ಲಿರಿ ಅಂತ. ಎಲ್ಲ ದೇಶಗಳ ಸರಾಸರಿ ತೆಗೆದರೆ ನೂರಕ್ಕೆ 86 ಶಿಕ್ಷಕರು ‘ಸಾಕಷ್ಟು’ ಅಥವಾ ‘ತುಂಬಾ’ ಅಂದಿದ್ದರು. ಜಪಾನಿನಲ್ಲಿ ಹಾಗೆ ಹೇಳಿದವರು ಸುಮಾರು 18 ಜನ. ‘ತರಗತಿಯಲ್ಲಿ ಗಲಾಟೆ ಮಾಡುವವರನ್ನು ಹತೋಟಿಗೆ ತರಬಲ್ಲಿರಾ?’ ಅನ್ನೋ ಪ್ರಶ್ನೆಗೂ ಅಷ್ಟೇ. ಬೇರೆಡೆ ಸರಾಸರಿ 87, ಜಪಾನಿನಲ್ಲಿ ಅರ್ಧದಷ್ಟು ಜನ ಮಾತ್ರ ಹೌದು ಅಂದರು. ಅದೇ ಸಮೀಕ್ಷೆಯ ಇನ್ನೊಂದು ಪುಟದಲ್ಲಿ ‘ಪಾಠ ಶುರುವಾಗೋ ಹೊತ್ತಿಗೆ ಮಕ್ಕಳು ಸುಮ್ಮನಾಗಲಿ ಅಂತ ಬಹಳ ಹೊತ್ತು ಕಾಯಬೇಕಾಗುತ್ತದೆ’ ಅನ್ನೋ ವಾಕ್ಯ ಇದೆ. ಅದನ್ನು ಒಪ್ಪಿದ ಜಪಾನಿ ಶಿಕ್ಷಕರು ಸರಾಸರಿಯ ಹೆಚ್ಚುಕಡಿಮೆ ಅರ್ಧ. ಅಂದರೆ ತರಗತಿ ಶಾಂತವಾಗಿದೆ ಅಂತ ಅವರೇ ಹೇಳುತ್ತಾರೆ. ಆದರೆ ಅದನ್ನು ಶಾಂತವಾಗಿ ಇಡುವುದು ನನ್ನ ಕೈಲಿ ಆಗುತ್ತೆ ಅಂತ ಮಾತ್ರ ಹೇಳುವುದಿಲ್ಲ. ಗಲಾಟೆ ಜಾಸ್ತಿ ಇರುವ ಎಷ್ಟೋ ದೇಶಗಳ ಶಿಕ್ಷಕರು ‘ನನ್ನ ಕ್ಲಾಸ್ ನನ್ನ ಹಿಡಿತದಲ್ಲಿದೆ’ ಅಂತ ಧೈರ್ಯವಾಗಿ ಗುರುತು ಹಾಕಿದ್ದಾರೆ.

ಇದನ್ನು ‘ಜಪಾನಿನವರದು ವಿನಯ, ಅಷ್ಟೇ’ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದು. ಬಹಳ ಜನ ಹಾಗೇ ಮುಗಿಸುತ್ತಾರೆ. ಸ್ವಲ್ಪ ನಿಜವೂ ಇರಬಹುದು. ಆದರೆ ಅಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸಿಲ್ಲ. ಒಂದು ಶಾಲೆಯ ವಾತಾವರಣ ಹೇಗಿದೆ ಅಂತ ಅಲ್ಲಿನ ಶಿಕ್ಷಕರನ್ನು ಕೇಳಿದಾಗ ನಿಜವಾಗಿ ನಮಗೆ ಸಿಗುವುದು ಏನು? ಶಾಲೆಯ ಸುದ್ದಿಯೋ, ಶಿಕ್ಷಕರ ನಿರೀಕ್ಷೆಯ ಸುದ್ದಿಯೋ?

ಫಾರಂ ತುಂಬುವ ಹೊತ್ತು

ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಇಂಥದ್ದೇ ಒಂದು ಫಾರಂ ಬಂದಿತ್ತು. ಟಾಲಿಸ್ ಅಲ್ಲ, ಆಡಳಿತದವರೇ ಮಾಡಿಸಿದ ಸಮೀಕ್ಷೆ. ಕೊನೆಯ ಪೀರಿಯಡ್ ಮುಗಿದಿತ್ತು. ಎಲ್ಲರಿಗೂ ಮನೆಗೆ ಹೋಗುವ ಅವಸರ. ಸ್ಟಾಫ್ ರೂಮಿನ ಉದ್ದ ಟೇಬಲ್ ಮೇಲೆ ತಿದ್ದಬೇಕಿದ್ದ ನೋಟ್‌ಬುಕ್‌ಗಳ ರಾಶಿ, ಅದರ ಮೇಲೇ ಫಾರಂ ಇಟ್ಟುಕೊಂಡು ಬರೆಯುತ್ತಿದ್ದೆವು. ‘ಈ ಶಾಲೆಯಲ್ಲಿ ಶಿಕ್ಷಕರು ಒಬ್ಬರನ್ನೊಬ್ಬರು ನಂಬಬಹುದು.’ ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ. ನನ್ನ ಪಕ್ಕದ ಗಣಿತದ ಮೇಡಂ ಎರಡನೇ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಟಿಕ್ ಹಾಕುತ್ತಾ ಹೋದರು. ಪ್ರಶ್ನೆ ಓದಲೂ ಇಲ್ಲ. ನಾನು ನೋಡುತ್ತಿದ್ದುದು ಗೊತ್ತಾಗಿ ನಕ್ಕರು. ‘ಪೂರ್ತಿ ಒಪ್ಪುತ್ತೇನೆ ಅಂದ್ರೆ ಬೆಣ್ಣೆ ಹಚ್ಚಿದ ಹಾಗಾಗುತ್ತೆ. ಒಪ್ಪಲ್ಲ ಅಂದ್ರೆ ಯಾರು ಬರೆದಿದ್ದು ಅಂತ ಹುಡುಕ್ತಾರೆ. ಇದೇ ಸರಿ ನೋಡಿ’ ಅಂದರು. ಎದುರಿಗೆ ಕೂತಿದ್ದ ಪಿ.ಟಿ. ಸರ್ ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಓದಿ, ಪೆನ್ನಿನ ತುದಿ ಕಚ್ಚಿಕೊಂಡು, ಕೊನೆಗೂ ಅದೇ ಎರಡನೇ ಕಾಲಮ್ಮಿಗೆ ಬಂದರು. ಒಬ್ಬರು ಯೋಚಿಸಿ ಬಂದರು, ಒಬ್ಬರು ಯೋಚಿಸದೇ ಬಂದರು. ಲೆಕ್ಕದಲ್ಲಿ ಇಬ್ಬರೂ ಒಂದೇ.

ಟಾಲಿಸ್ ಇದಕ್ಕಿಂತ ಎಷ್ಟೋ ಎಚ್ಚರಿಕೆಯಿಂದ ಮಾಡುವ ಕೆಲಸ. ಹೆಸರು ಹೊರಗೆ ಬರುವುದಿಲ್ಲ, ಮುಖ್ಯಸ್ಥರ ಮೇಜಿಗೆ ಫಾರಂ ಹೋಗುವುದಿಲ್ಲ. ಹೆಚ್ಚಾಗಿ ಮುಂದುವರಿದ ದೇಶಗಳೇ ಇರುವ ಆರ್ಥಿಕ ಸಹಕಾರ ಸಂಘಟನೆ ಒಇಸಿಡಿ ಇದನ್ನು 2008ರಲ್ಲಿ 24 ದೇಶಗಳಿಂದ ಶುರು ಮಾಡಿತು. 2018ರ ಹೊತ್ತಿಗೆ 48 ದೇಶ ಮತ್ತು ಪ್ರಾಂತ್ಯಗಳ ಸುಮಾರು 2,60,000 ಶಿಕ್ಷಕರು ಇದರಲ್ಲಿ ಸೇರಿದ್ದರು, ಹೆಚ್ಚಾಗಿ ಹದಿಹರೆಯದ ಮಕ್ಕಳಿಗೆ ಪಾಠ ಮಾಡುವವರು. ಆದರೂ ಕೆಳಗೆ ಬರುವ ಉತ್ತರಗಳ ಅಚ್ಚು ಅದೇ. ‘ಶಿಕ್ಷಕರು, ಮಕ್ಕಳು ಸಾಮಾನ್ಯವಾಗಿ ಹೊಂದಿಕೊಂಡು ಹೋಗುತ್ತಾರೆ’ ಅನ್ನೋ ಮಾತಿಗೆ 2018ರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಶಿಕ್ಷಕರು ಹೂಂ ಅಂದರು. ಎಲ್ಲರೂ ಹೂಂ ಅನ್ನುವ ಪ್ರಶ್ನೆಯಿಂದ ತಿಳಿಯುವುದು ಕಡಿಮೆ. ದೇಶದಿಂದ ದೇಶಕ್ಕೆ ಉತ್ತರ ಹರಿದು ಹಂಚಿಹೋಗುವ ಪ್ರಶ್ನೆಗಳಲ್ಲೇ ಸ್ವಾರಸ್ಯ ಇರುವುದು.

ಅಂಥದ್ದೊಂದು ಪ್ರಶ್ನೆ: ನಿಮ್ಮ ಸಮಾಜ ಶಿಕ್ಷಕ ವೃತ್ತಿಗೆ ಬೆಲೆ ಕೊಡುತ್ತದೆಯೇ? 2018ರಲ್ಲಿ ವಿಯೆಟ್ನಾಮಿನ ಶಿಕ್ಷಕರಲ್ಲಿ ನೂರಕ್ಕೆ 92 ಜನ ಹೌದು ಅಂದರು. ಸಿಂಗಪುರದಲ್ಲಿ 72, ಫಿನ್ಲೆಂಡಿನಲ್ಲಿ 58, ಜಪಾನಿನಲ್ಲಿ 34, ಫ್ರಾನ್ಸಿನಲ್ಲಿ 7. ಒಇಸಿಡಿ ದೇಶಗಳ ಸರಾಸರಿ 26. ಆದರೆ ‘ಒಟ್ಟಿನಲ್ಲಿ ಈ ಕೆಲಸ ನನಗೆ ತೃಪ್ತಿ ಕೊಟ್ಟಿದೆ’ ಅಂದವರು ಸರಾಸರಿ ಹತ್ತರಲ್ಲಿ ಒಂಬತ್ತು ಜನ. ‘ಊರು ನಮಗೆ ಬೆಲೆ ಕೊಡಲ್ಲ, ಆದರೂ ನನಗೆ ನನ್ನ ಕೆಲಸ ಇಷ್ಟ’ ಅನ್ನುವುದು ಪ್ರಪಂಚದ ಬಹುಪಾಲು ಸ್ಟಾಫ್ ರೂಮುಗಳ ಮಾತು ಅಂತಾಯಿತು. ಹೊರಗಿನ ಗಾಳಿ ಬೇರೆ, ಒಳಗಿನ ಗಾಳಿ ಬೇರೆ. ಪತ್ರಿಕೆಗಳು ಎರಡನ್ನೂ ಕಲಸಿ ‘ಶಿಕ್ಷಕರು ಹತಾಶ’ ಅಂತ ಹಾಕಿಬಿಡುತ್ತವೆ.

ಇದು ಯಾರ ಕೆಲಸ?

ನನಗೆ ಕಾಣುವಂತೆ ದೊಡ್ಡ ವ್ಯತ್ಯಾಸ ಹುಟ್ಟುವುದು ವಿನಯದಿಂದಲ್ಲ. ಯಾವುದು ಶಿಕ್ಷಕರ ಕೆಲಸ, ಯಾವುದು ಅಲ್ಲ ಅನ್ನುವುದನ್ನು ಒಂದೊಂದು ದೇಶ ಒಂದೊಂದು ರೀತಿ ಗೀಟು ಎಳೆದು ಇಟ್ಟಿದೆ. ಅಲ್ಲಿಂದ ಹುಟ್ಟುತ್ತದೆ.

ಜಪಾನಿನ ಒಂದು ಮಾಧ್ಯಮಿಕ ಶಾಲೆಯ ತರಗತಿ ಶುರುವಾಗುವುದನ್ನು ನೋಡಿ. ಆ ದಿನದ ಸರದಿ ಇರುವ ಹುಡುಗನೋ ಹುಡುಗಿಯೋ ‘ಎದ್ದು ನಿಲ್ಲಿ’ ಅಂತ ಕೂಗುತ್ತಾರೆ. ಎಲ್ಲರೂ ಏಳುತ್ತಾರೆ. ‘ನಮಸ್ಕಾರ’, ಎಲ್ಲರೂ ಬಾಗುತ್ತಾರೆ. ‘ಕೂತುಕೊಳ್ಳಿ.’ ಪಾಠ ಶುರು. ಸುಮ್ಮನಿರಿ ಅಂತ ಶಿಕ್ಷಕರು ಹೇಳಬೇಕಾಗಿಯೇ ಇಲ್ಲ, ಅದು ಮಕ್ಕಳ ಸರದಿಯ ಕೆಲಸ. ಸಂಜೆ ಅದೇ ಮಕ್ಕಳು ಪೊರಕೆ, ಒರೆಸುವ ಬಟ್ಟೆ ಹಿಡಿದು ಕೊಠಡಿ, ಕಾರಿಡಾರ್ ಎಲ್ಲಾ ಗುಡಿಸಿ ಒರೆಸುತ್ತಾರೆ. ಇನ್ನು ಕ್ಲಾಸ್ ಟೀಚರ್ ಅಂದರೆ ಹಾಜರಿ ಕರೆದು ಹೋಗುವವರಲ್ಲ. ಮಗುವಿನ ಮನೆ ಪರಿಸ್ಥಿತಿ, ಸ್ನೇಹಿತರ ಜಗಳ, ಮುಂದೆ ಯಾವ ಹೈಸ್ಕೂಲು ಅನ್ನುವ ತನಕ ಅವರದೇ ಹೊಣೆ. ಅದರ ಮೇಲೆ ಶಾಲೆ ಬಿಟ್ಟ ನಂತರದ ಕ್ಲಬ್ಬುಗಳು: ಬೇಸ್‌ಬಾಲ್, ಬ್ಯಾಂಡ್, ಕತ್ತಿವರಸೆ. 2018ರಲ್ಲಿ ಇಂಥ ಪಠ್ಯೇತರ ಚಟುವಟಿಕೆಗೇ ಜಪಾನಿ ಶಿಕ್ಷಕರು ವಾರಕ್ಕೆ 7.5 ಗಂಟೆ ಕೊಡುತ್ತಿದ್ದರು. ಸರಾಸರಿ 1.9 ಗಂಟೆ. ಒಟ್ಟು ಕೆಲಸದ ವಾರ 56 ಗಂಟೆ, ಸರಾಸರಿ 38. ಇಷ್ಟೆಲ್ಲ ತನ್ನದು ಅಂದುಕೊಂಡವರನ್ನು ‘ಮಕ್ಕಳಲ್ಲಿ ನಂಬಿಕೆ ಮೂಡಿಸಬಲ್ಲಿರಾ?’ ಅಂತ ಕೇಳಿದರೆ ಕಣ್ಣ ಮುಂದೆ ಬರುವುದು ಯಾರು? ಶಾಲೆಗೆ ಬರುವುದನ್ನೇ ಬಿಟ್ಟ ಆ ಒಂದು ಮಗು. ‘ಸ್ವಲ್ಪ ಮಟ್ಟಿಗೆ’ ಅನ್ನೋ ಉತ್ತರ ಬರುತ್ತದೆ. ಆ ‘ಸ್ವಲ್ಪ ಮಟ್ಟಿಗೆ’ ವರದಿಯ ಲೆಕ್ಕದಲ್ಲಿ ಸೇರುವುದಿಲ್ಲ ಅನ್ನುವುದನ್ನೂ ಗಮನಿಸಬೇಕು. ‘ಸಾಕಷ್ಟು’, ‘ತುಂಬಾ’ ಎರಡನ್ನೇ ಕೂಡಿಸಿ ಶೇಕಡಾ ತೆಗೆಯುತ್ತಾರೆ. ಗೆರೆಯ ಈಚೆ ನಿಂತವರೆಲ್ಲ ಕೈಲಾಗದವರ ಪಟ್ಟಿಗೆ ಹೋಗುತ್ತಾರೆ.

ಫ್ರಾನ್ಸಿನಲ್ಲಿ ಗೀಟು ಬೇರೆ ಕಡೆ ಇದೆ. ಅಲ್ಲಿ ಸಾಮಾನ್ಯ ಮಾಧ್ಯಮಿಕ ಶಿಕ್ಷಕರಿಗೆ ನಿಗದಿಯಾದ ಪಾಠ ವಾರಕ್ಕೆ 18 ಗಂಟೆ. ತರಗತಿಯ ಬಾಗಿಲ ಆಚೆಗಿನ ಶಿಸ್ತು, ಗೈರುಹಾಜರಿ, ಅಂಗಳದ ಜಗಳ, ಇದನ್ನೆಲ್ಲ ನೋಡಿಕೊಳ್ಳುವುದಕ್ಕೇ ಬೇರೆ ಹುದ್ದೆ ಇದೆ. 1970ರಿಂದಲೂ ಇದೆ. ಅವರ ಕೆಳಗೆ ಮೇಲ್ವಿಚಾರಕರ ತಂಡ. ತೀರಾ ಗಲಾಟೆ ಮಾಡಿದ ಹುಡುಗನನ್ನು ಶಿಕ್ಷಕರು ಚೀಟಿ ಕೊಟ್ಟು ಆ ಕಚೇರಿಗೆ ಕಳಿಸಬಹುದು. ಹಾಗಾದರೆ ಫ್ರೆಂಚ್ ಶಿಕ್ಷಕರಿಗೆ ‘ಶಾಲೆಯ ವಾತಾವರಣ’ ಅಂದರೆ ಏನು? ತಾನು ದಿನಾ ನಡೆಸುವ ಸಂಸಾರ ಅಲ್ಲ. ಬೇರೆ ಯಾರೋ ಸರಿಯಾಗಿ ಇಟ್ಟಿರಬೇಕಾದ, ಇಟ್ಟಿಲ್ಲದಿದ್ದರೆ ದೂರಬಹುದಾದ ಒಂದು ಪರಿಸ್ಥಿತಿ. ನಾನಿದನ್ನು ಕೆಟ್ಟದ್ದು ಅನ್ನುತ್ತಿಲ್ಲ. ಐದೂವರೆಗೆ ಬೇಸ್‌ಬಾಲ್ ಮೈದಾನದಲ್ಲಿ ನಿಂತಿರುವ ಜಪಾನಿನ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದರೆ ಫ್ರಾನ್ಸೇ ವಾಸಿ ಅನ್ನಬಹುದು. ಆದರೆ ಈ ಇಬ್ಬರ ಮುಂದೆ ಒಂದೇ ಫಾರಂ ಇಟ್ಟು, ಬಂದ ಅಂಕಿಯನ್ನು ಪಕ್ಕಪಕ್ಕ ಬರೆದರೆ ನಾವು ಹೋಲಿಸುತ್ತಿರುವುದು ಎರಡು ಶಾಲೆಗಳನ್ನಲ್ಲ, ಎರಡು ಕೆಲಸಗಳನ್ನು.

ಫಿನ್ಲೆಂಡ್ ಇನ್ನೊಂದು ಥರ. ಅದರ ಹೆಸರು ಕೇಳಿದರೆ ಸಾಕು, ಎಲ್ಲರೂ ಕಣ್ಣರಳಿಸುತ್ತಾರೆ. ಶಾಲೆಗಳಿಗೆ ಇನ್‌ಸ್ಪೆಕ್ಟರ್ ಬಂದು ತಪಾಸಣೆ ಮಾಡುವ ಪದ್ಧತಿಯನ್ನು ಅಲ್ಲಿ 1990ರ ದಶಕದ ಮೊದಲಲ್ಲೇ ಬಿಟ್ಟರು. ಶಿಕ್ಷಕರಿಗೆ ಸ್ನಾತಕೋತ್ತರ ಪದವಿ ಬೇಕು, ಆಮೇಲೆ ಅವರ ಮೇಲೆ ನಂಬಿಕೆ. ಇಷ್ಟಾಗಿ ಅಲ್ಲಿನ ತರಗತಿಗಳು ಸದ್ದಿಲ್ಲದ ತರಗತಿಗಳಲ್ಲ. ಪೀಸಾ ಅಂದರೆ ಹದಿನೈದು ವರ್ಷದ ಮಕ್ಕಳಿಗೆ ಒಇಸಿಡಿ ನಡೆಸುವ ಅಂತಾರಾಷ್ಟ್ರೀಯ ಪರೀಕ್ಷೆ. 2012ರ ಪೀಸಾದಲ್ಲಿ ತರಗತಿಯ ಶಿಸ್ತಿನ ಬಗ್ಗೆ ಮಕ್ಕಳು ಕೊಟ್ಟ ಉತ್ತರದಲ್ಲಿ ಫಿನ್ಲೆಂಡ್ ಸರಾಸರಿಗಿಂತ ಸಾಕಷ್ಟು ಕೆಳಗಿತ್ತು. ಅಂಕದಲ್ಲಿ ಮೇಲೆ, ಗದ್ದಲದಲ್ಲೂ ಮೇಲೆ! ಶಿಸ್ತು ಅಂದರೆ ಮೌನ ಅಂತ ನಂಬಿರುವವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ.

ಇಂಗ್ಲೆಂಡಿನ ಕಥೆ ಇದರ ತದ್ವಿರುದ್ಧ. ತಪಾಸಣೆ ಅಲ್ಲಿ ಶಾಲೆಯ ಉಸಿರಾಟವನ್ನೇ ಹಿಡಿದಿಡುತ್ತದೆ. ಶಾಲೆಗಳ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್ ಬಂದು ಹೋದರೆ ಇಡೀ ಶಾಲೆಗೆ ಒಂದೇ ಪದದ ತೀರ್ಪು ಸಿಗುತ್ತಿತ್ತು. ಸರ್ಕಾರಿ ಶಾಲೆಗಳಿಗೆ ಆ ಪದ್ಧತಿಯನ್ನು 2024ರ ಸೆಪ್ಟೆಂಬರಿನಲ್ಲಿ ಕೈಬಿಟ್ಟರು. 2018ರಲ್ಲಿ ಕೆಲಸದಲ್ಲಿ ‘ತುಂಬಾ ಒತ್ತಡ’ ಇದೆ ಅಂದ ಶಿಕ್ಷಕರು ಒಇಸಿಡಿ ಸರಾಸರಿಯಲ್ಲಿ ನೂರಕ್ಕೆ 18, ಇಂಗ್ಲೆಂಡಿನಲ್ಲಿ 38. ಇಲ್ಲಿ ಮಾತ್ರ ಅಂಕಿಯೂ ಕಾರಣವೂ ಸುಲಭವಾಗಿ ತಾಳೆಯಾಗುತ್ತವೆ ಅನ್ನಿಸುತ್ತದೆ. ತಪಾಸಣೆಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಅದನ್ನು ಬಿಟ್ಟು ಲೆಕ್ಕ ಹಾಕಲೂ ಆಗುವುದಿಲ್ಲ.

ಐದು ನಿಮಿಷ ಮೊದಲೇ ಬರುವ ಮೇಡಂ

ದೇಶದಿಂದ ದೇಶಕ್ಕೆ ಅಳತೆಗೋಲೇ ಬದಲಾಗುತ್ತೆ ಅನ್ನುವುದು ಸಮೀಕ್ಷೆ ಮಾಡುವವರಿಗೆ ಗೊತ್ತಿಲ್ಲದ್ದೇನಲ್ಲ. ಟಾಲಿಸ್‌ನ ತಾಂತ್ರಿಕ ವರದಿಗಳೇ ಇದನ್ನು ಹೇಳುತ್ತವೆ. ಹಲವು ಸೂಚ್ಯಂಕಗಳ (ಕೆಲವು ಉತ್ತರಗಳನ್ನು ಕೂಡಿಸಿ ಮಾಡಿದ ಅಂಕಿಗಳ) ಮಟ್ಟಿಗೆ ಒಂದು ದೇಶದ ಒಳಗೆ ಒಂದು ಅಂಕಿಗೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ನೋಡಬಹುದು, ಆದರೆ ಈ ದೇಶದ ಸರಾಸರಿ ಆ ದೇಶದ್ದಕ್ಕಿಂತ ಹೆಚ್ಚು ಅಂತ ನೇರವಾಗಿ ಹೋಲಿಸುವ ಹಾಗಿಲ್ಲ ಅಂತ. ದಪ್ಪ ವರದಿ, ಕೊನೆಯ ಅಧ್ಯಾಯ, ಸಣ್ಣ ಅಕ್ಷರ. ಯಾರು ಓದುತ್ತಾರೆ?

ಇದಕ್ಕೊಂದು ಚಂದದ ಉಪಾಯವನ್ನು 2012ರ ಪೀಸಾದಲ್ಲಿ ಮಾಡಿದ್ದರು. ಅದು ಮಕ್ಕಳಿಗೆ ಕೇಳಿದ್ದು, ಶಿಕ್ಷಕರಿಗಲ್ಲ. ನಿನ್ನ ತರಗತಿ ಹೇಗಿದೆ ಅಂತ ಕೇಳುವುದರ ಜೊತೆಗೆ, ಇಲ್ಲದ ಮೂವರು ಶಿಕ್ಷಕರ ಪುಟ್ಟ ಚಿತ್ರ ಕೊಟ್ಟರು. ಒಬ್ಬ ಮೇಡಂ ಇದ್ದಾರೆ. ಅವರ ಪಾಠಕ್ಕೆ ಮಕ್ಕಳು ಆಗಾಗ ಅಡ್ಡಿ ಮಾಡುತ್ತಾರೆ, ಆದರೆ ಅವರು ಯಾವಾಗಲೂ ಐದು ನಿಮಿಷ ಮೊದಲೇ ಕ್ಲಾಸಿಗೆ ಬರುತ್ತಾರೆ. ಇನ್ನೊಬ್ಬರಿದ್ದಾರೆ. ಅವರ ತರಗತಿ ಶಾಂತ, ಅವರು ಸರಿಯಾದ ಹೊತ್ತಿಗೆ ಬರುತ್ತಾರೆ. ಮತ್ತೊಬ್ಬರ ಪಾಠಕ್ಕೆ ಮಕ್ಕಳು ಅಡ್ಡಿ ಮಾಡುತ್ತಾರೆ, ಅದಕ್ಕೇ ಅವರು ಐದು ನಿಮಿಷ ತಡವಾಗಿ ಬರುತ್ತಾರೆ. ಈಗ ಹೇಳು, ಇವರಿಗೆ ತರಗತಿಯ ಮೇಲೆ ಹಿಡಿತ ಇದೆಯಾ? ಚಿತ್ರ ಎಲ್ಲ ದೇಶದಲ್ಲೂ ಒಂದೇ. ಹಾಗಾಗಿ ಉತ್ತರ ಬದಲಾದರೆ, ಬದಲಾಗಿರುವುದು ನೋಡುವವರ ಅಳತೆಗೋಲು. ಇಂಥ ಚಿತ್ರಗಳಿಗೆ ಬಂದ ಉತ್ತರಗಳನ್ನು ಇಟ್ಟುಕೊಂಡು ಮಕ್ಕಳು ತಮ್ಮ ಸ್ವಂತ ಶಿಕ್ಷಕರಿಗೆ ಕೊಟ್ಟ ಅಂಕವನ್ನು ತಿದ್ದಿದರು. ಮೊದಲು ವಿಚಿತ್ರವಾಗಿ ಕಾಣುತ್ತಿದ್ದ ಒಂದು ಸಂಗತಿ ಆಗ ತಿರುಗಿ ನಿಂತಿತು. ತಿದ್ದುವ ಮುಂಚೆ, ‘ನಮ್ಮ ಶಿಕ್ಷಕರು ನಮಗೆ ತುಂಬಾ ಆಸರೆ’ ಅಂದ ದೇಶಗಳಲ್ಲೇ ಗಣಿತದ ಅಂಕ ಕಡಿಮೆ ಕಾಣುತ್ತಿತ್ತು. ತಿದ್ದಿದ ಮೇಲೆ ಸಂಬಂಧ ಉಲ್ಟಾ ಆಯಿತು, ಆಸರೆ ಹೆಚ್ಚು ಇರುವಲ್ಲಿ ಅಂಕವೂ ಹೆಚ್ಚು. ಅಂಕಿಗಳನ್ನು ನೋಡಿ ಸಿದ್ಧಾಂತ ಕಟ್ಟಲು ಕೂತವರು ಸ್ವಲ್ಪ ತಡೆದಿದ್ದರೆ ಒಳ್ಳೆಯದಿತ್ತು.

(ಐದು ನಿಮಿಷ ಮೊದಲೇ ಬರುವ ಆ ಮೇಡಂ ಬಗ್ಗೆ ನನಗೇನೋ ಕನಿಕರ. ಎಲ್ಲ ಶಾಲೆಯಲ್ಲೂ ಅಂಥವರೊಬ್ಬರು ಇರುತ್ತಾರೆ. ಬೋರ್ಡ್ ಒರೆಸಿ, ತಾರೀಕು ಬರೆದು, ಕಾಯುತ್ತಾ ನಿಂತಿರುತ್ತಾರೆ.)

ಒಂದೇ ಕಾರಿಡಾರ್, ಎರಡು ಶಾಲೆ

ದೇಶಗಳ ನಡುವಿನ ಅಂತರದ ಬಗ್ಗೆ ಇಷ್ಟು ಬರೆದೆ. ಆದರೆ 2008ರ ಮೊದಲ ಟಾಲಿಸ್‌ನಿಂದಲೇ ಕಾಣುತ್ತಿರುವ, ಅಷ್ಟಾಗಿ ಯಾರೂ ಎತ್ತಿ ಆಡದ ಸಂಗತಿ ಒಂದಿದೆ. ತರಗತಿಯ ಶಿಸ್ತಿನ ವಿಷಯದಲ್ಲಿ ಶಿಕ್ಷಕರ ಉತ್ತರಗಳ ವ್ಯತ್ಯಾಸದಲ್ಲಿ ಬಹುಪಾಲು ಇರುವುದು ಒಂದೇ ಶಾಲೆಯ ಶಿಕ್ಷಕ-ಶಿಕ್ಷಕರ ನಡುವೆ. ಜಪಾನ್ ಬ್ರೆಜಿಲ್ ನಡುವೆ ಅಂತ ನಾವು ಹುಡುಕುತ್ತಿರುವ ಅಂತರ ಪಕ್ಕದ ಕೊಠಡಿಯಲ್ಲೇ ಇರುತ್ತದೆ.

ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ವರ್ಷ ಹೊಸದಾಗಿ ಸೇರಿದ ಸಮಾಜ ವಿಜ್ಞಾನದ ಹುಡುಗಿಗೆ, ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು, ಯಾರೂ ಬೇಡ ಅನ್ನುತ್ತಿದ್ದ ಸೆಕ್ಷನ್ ಕೊಟ್ಟರು. ಅದೂ ಊಟದ ನಂತರದ ಪೀರಿಯಡ್. ಟೈಮ್‌ಟೇಬಲ್ ಹಾಕುವವರು ಹಿರಿಯರು, ಹಿರಿಯರಿಗೆ ಬೆಳಗಿನ ಪೀರಿಯಡ್. ಎಲ್ಲ ಕಡೆ ನಡೆಯುವುದು ಹೀಗೇ ಅಲ್ವಾ. ಆಕೆ ಕ್ಲಾಸಿಗೆ ಹೋದ ಸ್ವಲ್ಪ ಹೊತ್ತಿಗೆ ಬೆಂಚು ಎಳೆದಾಡುವ ಸದ್ದು ಗೋಡೆ ದಾಟಿ ನನ್ನ ಕ್ಲಾಸಿಗೆ ಬರುತ್ತಿತ್ತು. ನನ್ನ ಮಕ್ಕಳು ನನ್ನ ಮುಖ ನೋಡಿ ನಗುತ್ತಿದ್ದರು. ಒಂದು ದಿನ ಸ್ಟಾಫ್ ರೂಮಿನಲ್ಲಿ ಅವಳು ಹಿರಿಯ ವಿಜ್ಞಾನದ ಸರ್ ಹತ್ತಿರ, ‘ಸರ್, ಆ ಸೆಕ್ಷನ್ನಿಗೆ ನೀವೂ ಹೋಗ್ತೀರಲ್ಲ, ಅವರು ನಿಮ್ಮ ಹತ್ರ ಹೇಗಿರ್ತಾರೆ?’ ಅಂತ ಕೇಳಿದಳು. ‘ಒಳ್ಳೇ ಮಕ್ಕಳಮ್ಮ, ಏನೂ ತೊಂದರೆ ಇಲ್ಲ’ ಅಂದರು ಅವರು. ಸುಳ್ಳೇನೂ ಹೇಳಲಿಲ್ಲ. ಅವರಿಗೆ ಆ ಮಕ್ಕಳು ನಿಜಕ್ಕೂ ಹಾಗೇ ಇದ್ದರು. ಇಬ್ಬರಿಗೂ ಫಾರಂ ಕೊಟ್ಟಿದ್ದರೆ ಒಂದೇ ಸೆಕ್ಷನ್ನಿನ ಬಗ್ಗೆ ಎರಡು ದೇಶದ ಉತ್ತರ ಬರುತ್ತಿತ್ತು. ಆ ಮಾತು ಕೇಳಿದ ಮೇಲೆ ಅವಳು ಮತ್ತೆ ಯಾರ ಹತ್ತಿರವೂ ಆ ವಿಷಯ ಎತ್ತಲಿಲ್ಲ. ತೊಂದರೆ ಇರುವುದು ತನ್ನಲ್ಲೇ ಅಂತ ತೀರ್ಮಾನಿಸಿಕೊಂಡಳು ಅಂತ ಕಾಣುತ್ತದೆ. ಹೊಸಬರಿಗೆ ಕಷ್ಟದ ಶಾಲೆ ಸಿಗುವುದು ಹೆಚ್ಚು ಅನ್ನುವುದು 2018ರ ಟಾಲಿಸ್‌ನಲ್ಲೂ ಕಂಡಿದೆ. ತರಗತಿ ನಿಭಾಯಿಸುವುದರಲ್ಲಿ ಅವರ ಆತ್ಮವಿಶ್ವಾಸ ಕಡಿಮೆ ಇರುವುದೂ ಕಂಡಿದೆ. ಎರಡಕ್ಕೂ ಸಂಬಂಧ ಇದೆ ಅಂತ ಹೇಳಲು ನನಗೆ ಸಂಶೋಧನೆ ಬೇಕಿಲ್ಲ.

ಇನ್ನೊಂದು ಅಂತರ ಸ್ಟಾಫ್ ರೂಮಿಗೂ ಮುಖ್ಯಸ್ಥರ ಕೊಠಡಿಗೂ ನಡುವಿನದು. ‘ಶಾಲೆಯ ತೀರ್ಮಾನಗಳಲ್ಲಿ ಸಿಬ್ಬಂದಿಗೆ ಪಾಲ್ಗೊಳ್ಳಲು ಅವಕಾಶ ಇದೆಯೇ?’ ಈ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲ ಮುಖ್ಯಸ್ಥರೂ ಇದೆ ಅನ್ನುತ್ತಾರೆ. ಶಿಕ್ಷಕರಲ್ಲಿ ನಾಲ್ವರಲ್ಲಿ ಮೂವರು ಅನ್ನುತ್ತಾರೆ. ಮೀಟಿಂಗ್ ಕರೆಯುವುದನ್ನು ಮುಖ್ಯಸ್ಥರು ಅವಕಾಶ ಅಂತ ಎಣಿಸುತ್ತಾರೆ. ಮೀಟಿಂಗಿನಲ್ಲಿ ಆಡಿದ ಮಾತು ಏನಾಯಿತು ಅಂತ ಶಿಕ್ಷಕರು ನೋಡುತ್ತಾರೆ. ಆ ನಾಲ್ಕನೆಯವರು ಯಾರು ಅಂತ ತಿಳಿದುಕೊಂಡ ಶಾಲೆಗೆ ಒಇಸಿಡಿ ವರದಿಯ ಅಗತ್ಯವೇ ಬೀಳುವುದಿಲ್ಲ.

ತಿಳಿದುಕೊಳ್ಳುವುದು ಸುಲಭವಲ್ಲ. ಉತ್ತರಕ್ಕೆ ಬೆಲೆ ಕಟ್ಟಿದ ಕೂಡಲೇ ಉತ್ತರ ಬದಲಾಗುವ ಸಾಧ್ಯತೆ ಇರುತ್ತದೆ. ನ್ಯೂಯಾರ್ಕ್ ನಗರದಲ್ಲಿ 2007ರಿಂದ ಶಿಕ್ಷಕರು, ಪೋಷಕರು, ಮಕ್ಕಳು ಎಲ್ಲರಿಂದಲೂ ಶಾಲೆಯ ಬಗ್ಗೆ ಸಮೀಕ್ಷೆ ತುಂಬಿಸುತ್ತಾರೆ. ಶುರುವಿನ ವರ್ಷಗಳಲ್ಲಿ ಆ ಉತ್ತರಗಳು ಶಾಲೆಗೆ ಕೊಡುವ ಗ್ರೇಡಿಗೂ ಸೇರುತ್ತಿದ್ದವು. ಅಮೆರಿಕದ 2015ರ ಶಾಲಾ ಕಾನೂನು ಬಂದ ಮೇಲೆ ಕೆಲವು ರಾಜ್ಯಗಳು ವಾತಾವರಣದ ಸಮೀಕ್ಷೆಯನ್ನೇ ಶಾಲೆಯ ಮೌಲ್ಯಮಾಪನದ ಒಂದು ಭಾಗ ಮಾಡಿಕೊಂಡವು. ಉದ್ದೇಶ ಒಳ್ಳೆಯದೇ, ಬರೀ ಪರೀಕ್ಷೆಯ ಅಂಕ ನೋಡಬಾರದು ಅಂತ. ಆದರೆ ನಮ್ಮ ಗಣಿತದ ಮೇಡಂ ಅಲ್ಲಿದ್ದಿದ್ದರೆ ಎರಡನೇ ಕಾಲಮ್ ಬಿಟ್ಟು ಮೊದಲನೇ ಕಾಲಮ್ಮಿಗೆ ಹೋಗುತ್ತಿದ್ದರು, ಅಷ್ಟೇ.

ಎಣಿಸುವ ಪ್ರಶ್ನೆಗಳು

ನನ್ನ ಕೈಲಿ ಫಾರಂ ಮಾಡಲು ಕೊಟ್ಟರೆ ಒಪ್ಪುತ್ತೇನೆ-ಒಪ್ಪುವುದಿಲ್ಲ ಪ್ರಶ್ನೆಗಳನ್ನು ಅರ್ಧಕ್ಕರ್ಧ ಕಿತ್ತುಹಾಕುತ್ತೇನೆ. ಕಳೆದ ತಿಂಗಳು ನಿಮ್ಮ ಪಾಠ ನೋಡಲು ಬೇರೆ ಶಿಕ್ಷಕರು ಬಂದಿದ್ದರೇ? ತಪಾಸಣೆಗೆ ಅಲ್ಲ, ಸುಮ್ನೆ ಕಲಿಯಲು. ಶಾಂಘೈಯಲ್ಲಿ, ಜಪಾನಿನಲ್ಲಿ ಇದು ವಾಡಿಕೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಗೋಡೆ ಬದಿಗೆ ನಿಂತು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಕೂತು ಮಾತಾಡುತ್ತಾರೆ. ಹಾಗೆ ಬಂದು ನಿಂತಿದ್ದರೆ ವಿಜ್ಞಾನದ ಸರ್ ‘ಒಳ್ಳೇ ಮಕ್ಕಳಮ್ಮ’ ಅನ್ನುತ್ತಿರಲಿಲ್ಲ. ನಿಮ್ಮ ಟೈಮ್‌ಟೇಬಲ್ ಯಾರು ಹಾಕಿದರು? ಹೊಸಬರಿಗೆ ಯಾವ ಸೆಕ್ಷನ್ ಹೋಯಿತು? ಕಳೆದ ಮೀಟಿಂಗಿನಲ್ಲಿ ಶಿಕ್ಷಕರು ಹೇಳಿದ ಯಾವ ಮಾತು ಜಾರಿಗೆ ಬಂತು? ಇಂಥವಕ್ಕೆ ವಿನಯ, ದರ್ಪ, ಅಳತೆಗೋಲು ಯಾವುದೂ ಜಾಸ್ತಿ ಅಡ್ಡ ಬರುವುದಿಲ್ಲ.

ಟಾಲಿಸ್‌ನಲ್ಲೂ ಎಣಿಸುವ ಪ್ರಶ್ನೆಗಳಿವೆ. ಜಪಾನಿನಲ್ಲಿ ಹೆಚ್ಚು ಕೆಲಸ ಮಾಡಿದ್ದು ಅವೇ. ಆತ್ಮವಿಶ್ವಾಸದ ಆ 18ರ ಬಗ್ಗೆ ಲೇಖನಗಳು ಬಂದವು, ಹೋದವು. ಆದರೆ ವಾರಕ್ಕೆ 56 ಗಂಟೆ ಅನ್ನೋ ಅಂಕಿಯನ್ನು ಶಿಕ್ಷಕರ ಕೆಲಸದ ಹೊರೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಎತ್ತಿ ತೋರಿಸಿದರು. ಅಲ್ಲಿ 1971ರ ಒಂದು ಕಾನೂನಿನ ಪ್ರಕಾರ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಓವರ್‌ಟೈಮ್ ಸಂಬಳ ಇಲ್ಲ. ಅದರ ಬದಲು ತಿಂಗಳ ಸಂಬಳದ ಮೇಲೆ ಶೇ. 4ರಷ್ಟು ಸೇರಿಸಿ ಕೊಡುತ್ತಿದ್ದರು. ಎಷ್ಟು ಗಂಟೆ ಕೂತರೂ ಅಷ್ಟೇ. ಅರ್ಧ ಶತಮಾನ ಅದು ಅಲುಗಲಿಲ್ಲ. 2025ರಲ್ಲಿ ಕಾನೂನು ತಿದ್ದಿದರು, ವರ್ಷಕ್ಕೆ ಒಂದರಂತೆ ಏರಿಸಿ 2031ರ ಹೊತ್ತಿಗೆ ಶೇ. 10 ಮಾಡುತ್ತಾರಂತೆ. ಇದು ಸಾಲದು, ದುಡ್ಡಿಗಿಂತ ಮೊದಲು ಗಂಟೆ ಇಳಿಸಿ ಅಂತ ಶಿಕ್ಷಕರು ಹೇಳುತ್ತಲೇ ಇದ್ದಾರೆ. 2024ರ ಟಾಲಿಸ್‌ನಲ್ಲಿ ಅವರ ಗಂಟೆಗಳು ಸ್ವಲ್ಪ ಇಳಿದಿವೆ. ಆದರೂ ಸಮೀಕ್ಷೆಯಲ್ಲಿದ್ದ ಎಲ್ಲ ದೇಶಗಳ ಪೈಕಿ ಅತಿ ಉದ್ದದ ವಾರ ಇನ್ನೂ ಅವರದೇ.